ಅತಿಮಾತು (ರೋಗಲಕ್ಷಣ)

ಕೇಳುವವರು ನಡುವೆ ಬಾಯಿ ಹಾಕಲು ಎಡೆಯಿಲ್ಲದಂತೆ, ಆಡುವವರಿಗೇ ತಡೆಯಲಾಗದಂತೆ ಮಾತು ಹರಿದುಬರುವ ಸ್ಥಿತಿ. ವೈದ್ಯಕೀಯದಲ್ಲಿ ಇದನ್ನು ಲೋಗೊರಿಯಾ ಎನ್ನುತ್ತಾರೆ. ಇದು ಸ್ವತಂತ್ರ ರೋಗವಲ್ಲ. ಜ್ವರ ಕಂಡಾಗ ಅದರ ಹಿಂದಿನ ಸೋಂಕನ್ನು ಹುಡುಕುವ ಹಾಗೆ, ಅತಿಮಾತು ಕಂಡಾಗಲೂ ಅದರ ಹಿಂದಿನ ಕಾರಣವನ್ನು ಹುಡುಕಬೇಕು. ಮಿದುಳಿನ ಪಾರ್ಶ್ವವಾಯುವಿನಿಂದ ಬರುವ ವರ್ನಿಕೆ ಅಫೇಸಿಯಾ ಎಂಬ ಭಾಷಾದೋಷ ಮತ್ತು ಬೈಪೋಲಾರ್ ಕಾಯಿಲೆಯ ಉನ್ಮಾದದ ಅವಧಿ ಇದರ ಎರಡು ಮುಖ್ಯ ಮೂಲಗಳು. ಸ್ಕಿಜೋಫ್ರೀನಿಯಾ, ಗಮನ ನಿಲ್ಲದ ಅತಿಚಟುವಟಿಕೆಯ ಸ್ಥಿತಿಯಾದ ಎಡಿಎಚ್‌ಡಿ, ಕೆಲವು ಬಗೆಯ ಮರೆವಿನ ಕಾಯಿಲೆಗಳು, ಮಿದುಳಿನ ಬಲಭಾಗದ ಪೆಟ್ಟು, ಥೈರಾಯ್ಡ್ ಗ್ರಂಥಿಯ ಅತಿಚಟುವಟಿಕೆ, ಕೆಲವು ಔಷಧ ಮತ್ತು ಮಾದಕವಸ್ತುಗಳಿಂದಲೂ ಇದು ತಲೆದೋರಬಹುದು.

ಹೆಚ್ಚು ಮಾತಾಡುವವರನ್ನು ಸಮಾಜ ಗುಣದೋಷದ ಕಣ್ಣಿನಿಂದಲೇ ನೋಡುತ್ತ ಬಂದಿದೆ. ಬಾಯಿಬಡುಕ, ವಾಚಾಳಿ, ಮಾತಿನಮಲ್ಲಿ ಎಂಬ ಹಣೆಪಟ್ಟಿಗಳು ಸುಲಭವಾಗಿ ಅಂಟುತ್ತವೆ. ಆ ಹಣೆಪಟ್ಟಿಯ ಹಿಂದೆ ಒಂದು ಪಾರ್ಶ್ವವಾಯುವೋ ಉನ್ಮಾದವೋ ಅಡಗಿದ್ದರೆ ಚಿಕಿತ್ಸೆಯ ಹೊತ್ತು ಮೀರಿಹೋಗುತ್ತದೆ. ಆದ್ದರಿಂದ ಈ ಲಕ್ಷಣದ ಪರಿಚಯ ವೈದ್ಯರಿಗೆ ಎಷ್ಟು ಅಗತ್ಯವೋ ಮನೆಯವರಿಗೂ ಅಷ್ಟೇ ಅಗತ್ಯ.

ಸಹಜ ಮಾತು ಮತ್ತು ಅತಿಮಾತು

ಆರೋಗ್ಯವಂತರಲ್ಲೂ ಮಾತಿನ ಪ್ರಮಾಣ ಒಬ್ಬರಿಂದ ಒಬ್ಬರಿಗೆ ಬಹಳ ಬೇರೆ. ಮಥಿಯಾಸ್ ಮೆಹ್ಲ್ ಮತ್ತು ಸಂಗಡಿಗರು ಅಮೆರಿಕ ಮತ್ತು ಮೆಕ್ಸಿಕೊದ 396 ವಿದ್ಯಾರ್ಥಿಗಳ ದಿನನಿತ್ಯದ ಮಾತನ್ನು ಕಿರುಯಂತ್ರಗಳಲ್ಲಿ ದಾಖಲಿಸಿ, ಫಲಿತಾಂಶವನ್ನು 2007ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಪ್ರಕಟಿಸಿದರು. ಆ ವಿದ್ಯಾರ್ಥಿಗಳು, ಹುಡುಗರಾಗಲಿ ಹುಡುಗಿಯರಾಗಲಿ, ದಿನಕ್ಕೆ ಸರಾಸರಿ ಸುಮಾರು 16,000 ಪದಗಳನ್ನು ಆಡುತ್ತಿದ್ದರು. ವ್ಯಕ್ತಿಗಳ ನಡುವಿನ ಅಂತರ ಮಾತ್ರ ಬಹಳ ದೊಡ್ಡದಿತ್ತು. ಹಾಗಾಗಿ ದಿನಕ್ಕೆ ಇಷ್ಟು ಪದ ಮೀರಿದರೆ ರೋಗ ಎಂದು ಗೆರೆ ಎಳೆಯಲಾಗದು.

ಮಾತಿನ ವೇಗಕ್ಕೆ ಒಂದು ಸ್ಥೂಲ ಅಳತೆ ಇದೆ. ಅಮೆರಿಕದ ಮನೋವೈದ್ಯೆ ನ್ಯಾನ್ಸಿ ಆಂಡ್ರಿಯಾಸನ್ 1979ರಲ್ಲಿ ಮಾನಸಿಕ ರೋಗಿಗಳ ಮಾತಿನ ದೋಷಗಳನ್ನು ವರ್ಗೀಕರಿಸಿದಾಗ, ನಿಮಿಷಕ್ಕೆ 150 ಪದಗಳನ್ನು ಮೀರಿದ ಮಾತನ್ನು ಒತ್ತಡದ ಮಾತು ಎಂದು ಭಾವಿಸಬಹುದೆಂದು ಸೂಚಿಸಿದರು. ಇದು ಇಂಗ್ಲಿಷಿಗೆ ಹೊಂದುವ ಲೆಕ್ಕ. ಕನ್ನಡದಲ್ಲಿ ‘ಹೋಗಬೇಕಾಗಿತ್ತಂತೆ’ ಎಂಬ ಒಂದೇ ಪದದೊಳಗೆ ಕ್ರಿಯೆ, ಅದರ ಅನಿವಾರ್ಯತೆ, ಕಳೆದ ಕಾಲ, ಬೇರೆಯವರಿಂದ ಕೇಳಿದ ಸಂಗತಿ ಎಂಬ ಸೂಚನೆ ಎಲ್ಲವೂ ಸೇರಿರುತ್ತವೆ. ಪ್ರತ್ಯಯಗಳು ಪದಕ್ಕೇ ಅಂಟಿಕೊಳ್ಳುವ ದ್ರಾವಿಡ ಭಾಷೆಗಳಲ್ಲಿ ಪದ ಎಣಿಸುವುದಕ್ಕಿಂತ ಅಕ್ಷರಗಳನ್ನು, ಉಸಿರಿನ ನಿಲುಗಡೆಗಳನ್ನು ಗಮನಿಸುವುದು ಹೆಚ್ಚು ಅರ್ಥಪೂರ್ಣ.

ರೋಗಲಕ್ಷಣವನ್ನು ಗುರುತಿಸಲು ವೈದ್ಯರು ಮುಖ್ಯವಾಗಿ ನಾಲ್ಕು ಸಂಗತಿಗಳನ್ನು ನೋಡುತ್ತಾರೆ. ಮೊದಲನೆಯದು, ತಡೆದರೆ ಮಾತು ನಿಲ್ಲುತ್ತದೆಯೇ ಎಂಬುದು. ಹರಟೆಮಲ್ಲನೊಬ್ಬ ಕೈ ಎತ್ತಿದರೆ ನಿಲ್ಲಿಸಬಲ್ಲ. ರೋಗದಲ್ಲಿ ಅದು ಆಗುವುದಿಲ್ಲ, ಅಥವಾ ಅರೆಕ್ಷಣ ನಿಂತು ಮತ್ತೆ ಉಕ್ಕುತ್ತದೆ. ಎರಡನೆಯದು, ಸರದಿಯ ಪ್ರಜ್ಞೆ. ಎದುರಿನವರ ಮುಖಭಾವ, ಆಕಳಿಕೆ, ಎದ್ದು ಹೊರಡುವ ಸನ್ನೆ ಯಾವುದೂ ಮಾತಾಡುವವರನ್ನು ಮುಟ್ಟುವುದಿಲ್ಲ. ಮೂರನೆಯದು, ಮಾತಿನ ಅರ್ಥ ಮತ್ತು ಜೋಡಣೆ. ನಾಲ್ಕನೆಯದು, ಎಲ್ಲಕ್ಕಿಂತ ಮುಖ್ಯವಾದದ್ದು, ಆ ವ್ಯಕ್ತಿಯ ಎಂದಿನ ಸ್ವಭಾವಕ್ಕೂ ಈಗಿನ ಮಾತಿಗೂ ಇರುವ ವ್ಯತ್ಯಾಸ. ಜೀವನವಿಡೀ ಮಾತುಗಾರರಾಗಿದ್ದವರು ಎಪ್ಪತ್ತರಲ್ಲೂ ಮಾತುಗಾರರಾಗಿದ್ದರೆ ಅದು ಸ್ವಭಾವ. ಮಿತಭಾಷಿಯೊಬ್ಬರು ಒಂದು ಬೆಳಗ್ಗೆ ಎದ್ದು ನಿಲ್ಲಿಸದೆ ಮಾತಾಡತೊಡಗಿದರೆ ಅದು ಲಕ್ಷಣ.

ಚರಿತ್ರೆ

ಅತಿಮಾತನ್ನು ದೇಹದ ಕಾಯಿಲೆಯೊಂದಿಗೆ ಜೋಡಿಸಿದ ಹಳೆಯ ದಾಖಲೆಗಳು ಭಾರತದಲ್ಲಿವೆ. ಚರಕಸಂಹಿತೆಯ ಸೂತ್ರಸ್ಥಾನ ಪಟ್ಟಿಮಾಡುವ ಎಂಬತ್ತು ವಾತವಿಕಾರಗಳಲ್ಲಿ ಅತಿಪ್ರಲಾಪವೂ ಒಂದು. ನಿದ್ರೆ ಬಾರದಿರುವುದು, ಚಿತ್ತ ಒಂದೆಡೆ ನಿಲ್ಲದಿರುವುದು ಅದೇ ಪಟ್ಟಿಯಲ್ಲಿವೆ. ಅದೇ ಗ್ರಂಥದ ನಿದಾನಸ್ಥಾನ ವಾತದಿಂದ ಹುಟ್ಟುವ ಉನ್ಮಾದವನ್ನು ವಿವರಿಸುವಾಗ ಕಟ್ಟುಪಾಡಿಲ್ಲದ ಮಾತು ಸತತವಾಗಿ ಹೊರಬೀಳುವುದನ್ನು ಲಕ್ಷಣವೆಂದು ಹೇಳುತ್ತದೆ. ಗ್ರೀಸಿನಲ್ಲಿ ಕ್ರಿಸ್ತಪೂರ್ವ ನಾಲ್ಕನೆಯ ಶತಮಾನದ ಥಿಯೊಫ್ರಾಸ್ಟಸ್ ಮನುಷ್ಯಸ್ವಭಾವಗಳನ್ನು ಚಿತ್ರಿಸಿದ ಪುಸ್ತಕದಲ್ಲಿ ಎರಡು ಬಗೆಯ ವಾಚಾಳಿಗಳನ್ನು ಬೇರೆಬೇರೆಯಾಗಿ ನಿರೂಪಿಸಿದ. ಪ್ಲೂಟಾರ್ಕ್ ಇದೇ ವಿಷಯದ ಮೇಲೆ ಒಂದು ಪ್ರಬಂಧವನ್ನೇ ಬರೆದ. ಇವರಿಬ್ಬರಿಗೂ ಅದು ನೀತಿಯ ಪ್ರಶ್ನೆಯಾಗಿತ್ತು, ವೈದ್ಯದ್ದಲ್ಲ.

ಆಧುನಿಕ ತಿಳಿವಳಿಕೆ ಹತ್ತೊಂಬತ್ತನೆಯ ಶತಮಾನದ ಯುರೋಪಿನಲ್ಲಿ ರೂಪುಗೊಂಡಿತು. 1861ರಲ್ಲಿ ಪ್ಯಾರಿಸ್ಸಿನ ಶಸ್ತ್ರವೈದ್ಯ ಪಾಲ್ ಬ್ರೋಕಾ, ‘ಟಾನ್’ ಎಂಬ ಒಂದು ಉಲಿಯನ್ನಷ್ಟೇ ಆಡಬಲ್ಲವನಾಗಿದ್ದ ರೋಗಿಯ ಮಿದುಳನ್ನು ಮರಣಾನಂತರ ಪರೀಕ್ಷಿಸಿ, ಎಡಭಾಗದ ಮುಂದಿನ ಹಾಲೆಯಲ್ಲಿ ಹಾನಿಯನ್ನು ಗುರುತಿಸಿದ. ಮಿದುಳಿಗೆ ಪೆಟ್ಟಾದರೆ ಮಾತು ನಿಲ್ಲುತ್ತದೆ ಎಂಬ ನಂಬಿಕೆ ಇದರಿಂದ ಬಲಗೊಂಡಿತು. ಹದಿಮೂರು ವರ್ಷಗಳ ನಂತರ ಇದಕ್ಕೆ ತದ್ವಿರುದ್ಧವಾದ ಚಿತ್ರವೊಂದು ಹೊರಬಂತು. 1848ರಲ್ಲಿ ಹುಟ್ಟಿದ ಜರ್ಮನ್ ವೈದ್ಯ ಕಾರ್ಲ್ ವರ್ನಿಕೆ, ವಿಯೆನ್ನಾದಲ್ಲಿ ಥಿಯೊಡೊರ್ ಮೈನರ್ಟ್ ಬಳಿ ಮಿದುಳಿನ ರಚನೆಯನ್ನು ಕಲಿತು ಬಂದಿದ್ದ. ತನ್ನ ಇಪ್ಪತ್ತಾರನೆಯ ವಯಸ್ಸಿನಲ್ಲಿ, 1874ರಲ್ಲಿ, ಬ್ರೆಸ್ಲಾವಿನಲ್ಲಿ ಪ್ರಕಟಿಸಿದ ಕಿರುಗ್ರಂಥದಲ್ಲಿ ಆತ ಬೇರೊಂದು ಬಗೆಯ ರೋಗಿಗಳನ್ನು ವರ್ಣಿಸಿದ. ಇವರ ಮಾತು ಸರಾಗ, ಧಾರಾಳ. ಆದರೆ ಅದರಲ್ಲಿ ಅರ್ಥವಿಲ್ಲ, ಇತರರು ಹೇಳಿದ್ದು ಇವರಿಗೆ ತಿಳಿಯುವುದೂ ಇಲ್ಲ. ಹಾನಿ ಇದ್ದದ್ದು ಮುಂದಿನ ಹಾಲೆಯಲ್ಲಲ್ಲ, ಎಡಗಿವಿಯ ಬಳಿಯ ಟೆಂಪೊರಲ್ ಹಾಲೆಯಲ್ಲಿ. ಮಿದುಳಿನ ಪೆಟ್ಟು ಮಾತನ್ನು ಕಸಿಯುವ ಹಾಗೆಯೇ ಕಟ್ಟು ಹರಿದು ಬಿಡಲೂ ಬಲ್ಲದು ಎಂಬುದು ಅಲ್ಲಿಂದ ಸ್ಪಷ್ಟವಾಯಿತು.

ಮನೋವೈದ್ಯದ ಕಡೆಯಿಂದ ಎಮಿಲ್ ಕ್ರೆಪೆಲಿನ್ ತನ್ನ ಪಠ್ಯಪುಸ್ತಕದ 1899ರ ಆವೃತ್ತಿಯಲ್ಲಿ ಉನ್ಮಾದ ಮತ್ತು ಖಿನ್ನತೆಗಳನ್ನು ಒಂದೇ ಕಾಯಿಲೆಯ ಎರಡು ಮುಖಗಳಾಗಿ ಕಂಡು, ಯೋಚನೆಗಳ ಓಟವನ್ನೂ ತಡೆಯಿಲ್ಲದ ಮಾತನ್ನೂ ಉನ್ಮಾದದ ಪ್ರಮುಖ ಚಿಹ್ನೆಗಳೊಳಗೆ ಸೇರಿಸಿದ. 1965ರಲ್ಲಿ ಅಮೆರಿಕದ ನರವೈದ್ಯ ನಾರ್ಮನ್ ಗೆಶ್ವಿಂಡ್ ಮಿದುಳಿನ ಭಾಗಗಳ ನಡುವಿನ ಸಂಪರ್ಕ ಕಡಿದಾಗ ಏನಾಗುತ್ತದೆ ಎಂಬ ಪ್ರಬಂಧದ ಮೂಲಕ ವರ್ನಿಕೆಯ ಚಿಂತನೆಗೆ ಮರುಜೀವ ಕೊಟ್ಟ.

ಮಿದುಳಿನಲ್ಲಿ ನಡೆಯುವುದೇನು?

ಮಾತು ಹೊರಬರಲು ಪ್ರಚೋದನೆ ಬೇಕು, ತಕ್ಕ ಪದ ಸಿಗಬೇಕು, ಆಡಿದ್ದನ್ನು ತಾನೇ ಕೇಳಿ ಸರಿ ನೋಡಬೇಕು, ಸಾಕಾದಾಗ ನಿಲ್ಲಿಸಬೇಕು. ಈ ಕೆಲಸಗಳಿಗೆ ಮಿದುಳಿನ ಬೇರೆಬೇರೆ ಜಾಲಗಳು ಹೊಣೆ. ಮಾತಿನ ಪ್ರಚೋದನೆಗೆ ಮುಂದಿನ ಹಾಲೆಯ ಒಳಮಗ್ಗುಲು ಮುಖ್ಯ. ಅಲ್ಲಿ ಹಾನಿಯಾದರೆ ವ್ಯಕ್ತಿ ಮೂಕನಂತಾಗಬಹುದು. ಕೇಳಿದ ಧ್ವನಿಯನ್ನು ಅರ್ಥದೊಂದಿಗೆ ಜೋಡಿಸುವುದರಲ್ಲಿ ಎಡ ಟೆಂಪೊರಲ್ ಹಾಲೆಯ ಹಿಂಭಾಗದ ಪಾತ್ರ ದೊಡ್ಡದು. ಅನುಚಿತವಾದದ್ದನ್ನು ತಡೆಹಿಡಿಯುವುದು ಕಣ್ಣುಗುಳಿಗಳ ಮೇಲಿರುವ ಮುಂದಿನ ಹಾಲೆಯ ಕೆಳಭಾಗದ ಕೆಲಸ. ಮಿದುಳಿನ ಆಳದಲ್ಲಿರುವ ಥಲಾಮಸ್ ಈ ಜಾಲಗಳನ್ನು ಹೊಂದಿಸುತ್ತದೆ. ಅಲ್ಲಿನ ಪಾರ್ಶ್ವವಾಯುವಿನಿಂದಲೂ ಸರಾಗವಾದ, ತಪ್ಪುಪದಗಳಿಂದ ತುಂಬಿದ ಮಾತು ಬರಬಹುದು.

ತನ್ನ ಮಾತನ್ನು ತಾನೇ ಪರಿಶೀಲಿಸುವ ವ್ಯವಸ್ಥೆಯ ಬಗ್ಗೆ ಡಚ್ ಮನೋಭಾಷಾವಿಜ್ಞಾನಿ ವಿಲ್ಲೆಮ್ ಲೆವೆಲ್ಟ್ 1983ರಲ್ಲಿ ಮಹತ್ವದ ವಿವರಣೆ ಕೊಟ್ಟ. ಇತರರ ಮಾತನ್ನು ಅರ್ಥಮಾಡಿಕೊಳ್ಳುವ ವ್ಯವಸ್ಥೆಯನ್ನೇ ನಾವು ನಮ್ಮ ಮಾತನ್ನು ತಿದ್ದಿಕೊಳ್ಳಲೂ ಬಳಸುತ್ತೇವೆ ಎಂಬುದು ಅದರ ಸಾರ. ಇದನ್ನು ಒಪ್ಪಿದರೆ ವರ್ನಿಕೆ ಅಫೇಸಿಯಾದ ಒಂದು ಒಗಟು ಬಿಡಿಸಿಕೊಳ್ಳುತ್ತದೆ. ಗ್ರಹಿಕೆ ಕೆಟ್ಟವರಿಗೆ ತಾವು ತಪ್ಪು ಆಡುತ್ತಿದ್ದೇವೆ ಎಂಬುದೂ ತಿಳಿಯುವುದಿಲ್ಲ. ತಪ್ಪು ತಿಳಿಯದಿದ್ದ ಮೇಲೆ ನಿಲ್ಲಿಸಲು ಅವರಿಗೆ ಕಾರಣವೇ ಇರುವುದಿಲ್ಲ.

ಬ್ರಿಟಿಷ್ ನರವೈದ್ಯ ಜಾನ್ ಹ್ಯೂಲಿಂಗ್ಸ್ ಜಾಕ್ಸನ್ ಹತ್ತೊಂಬತ್ತನೆಯ ಶತಮಾನದಲ್ಲೇ ಇನ್ನೊಂದು ಒಳನೋಟ ನೀಡಿದ್ದ. ಮಿದುಳಿನ ಮೇಲ್ಮಟ್ಟದ ಭಾಗ ಹಾಳಾದಾಗ ಅದರ ಹತೋಟಿಯಲ್ಲಿದ್ದ ಕೆಳಮಟ್ಟದ ಭಾಗಗಳು ಬಿಡುಗಡೆಗೊಂಡು ಹೆಚ್ಚುವರಿ ಚಟುವಟಿಕೆ ತೋರುತ್ತವೆ ಎಂದು ಆತ ವಾದಿಸಿದ. ಮುಂದಿನ ಹಾಲೆಯ ಹಾನಿಯಲ್ಲಿ ಕಾಣುವ ಎಗ್ಗಿಲ್ಲದ ಮಾತನ್ನು ಹೀಗೆ ವಿವರಿಸಬಹುದು.

ವರ್ನಿಕೆ ಅಫೇಸಿಯಾ

ಸಂವಹನ ದೋಷವಾಗಿ ಅತಿಮಾತು ಅತ್ಯಂತ ಸ್ಪಷ್ಟವಾಗಿ ಕಾಣುವುದು ಇಲ್ಲಿ. ಮಿದುಳಿನ ಎಡಭಾಗದ ಮಧ್ಯ ಅಪಧಮನಿಯ ಕೆಳಗಿನ ಕವಲು ಮುಚ್ಚಿ, ಟೆಂಪೊರಲ್ ಹಾಲೆಯ ಹಿಂಭಾಗಕ್ಕೆ ರಕ್ತ ನಿಲ್ಲುವುದು ಇದರ ಸಾಮಾನ್ಯ ಕಾರಣ. ರಕ್ತಸ್ರಾವ, ಗೆಡ್ಡೆ, ತಲೆಯ ಪೆಟ್ಟು, ಮಿದುಳಿನ ಸೋಂಕುಗಳಿಂದಲೂ ಬರಬಹುದು.

ರೋಗಿಯ ಮಾತಿನ ಲಯ, ಏರಿಳಿತ, ಉಸಿರಿನ ನಿಲುಗಡೆ ಎಲ್ಲ ಸಹಜವಾಗಿರುತ್ತವೆ. ಪಕ್ಕದ ಕೋಣೆಯಿಂದ ಕೇಳಿದವರಿಗೆ ಯಾರೋ ಮಾಮೂಲಾಗಿ ಮಾತಾಡುತ್ತಿದ್ದಾರೆ ಅನ್ನಿಸುತ್ತದೆ. ಹತ್ತಿರ ಬಂದರೆ ಪದಗಳು ದಾರಿತಪ್ಪಿರುವುದು ಗೊತ್ತಾಗುತ್ತದೆ. ಬಟ್ಟಲು ಎನ್ನಲು ಹೋಗಿ ‘ಟಬ್ಬಲು’ ಎಂದರೆ ಅದು ಧ್ವನಿಯ ತಪ್ಪು. ತಟ್ಟೆಗೆ ‘ಲೋಟ’ ಎಂದರೆ ಅರ್ಥದ ತಪ್ಪು. ಭಾಷೆಯಲ್ಲೇ ಇಲ್ಲದ ಹೊಸ ಪದಗಳು ಹುಟ್ಟಿದರೆ ಅವನ್ನು ನವಪದಗಳೆನ್ನುತ್ತಾರೆ. ನವಪದಗಳು ತುಂಬಿ ಮಾತು ಪೂರ್ತಿ ಅರ್ಥ ಕಳೆದುಕೊಂಡರೆ ಅದು ಜಾರ್ಗನ್ ಅಫೇಸಿಯಾ. ಇಂಥ ರೋಗಿಗಳಲ್ಲಿ ವ್ಯಾಕರಣದ ಚೌಕಟ್ಟು ಬಹುಮಟ್ಟಿಗೆ ಉಳಿದಿರುತ್ತದೆ. ಉದಾಹರಣೆಗಾಗಿ ಕನ್ನಡದಲ್ಲಿ ಕಟ್ಟಿದ ಒಂದು ಮಾದರಿ ಹೀಗಿದೆ: “ಹೌದು, ಆ ಪಿರುಕೆಯನ್ನ ದೊಸುಬಿನಲ್ಲಿ ಇಟ್ಟು ಬಂದೆ, ಆಮೇಲೆ ಅವರು ಗಡಿಯಾರ ಕುಡಿದು ಹೋದರು, ಅದಕ್ಕೇ ಅಲ್ವಾ ನಾನು ಹೇಳಿದ್ದು.” ಪಿರುಕೆ, ದೊಸುಬು ಎಂಬ ಪದಗಳು ಕನ್ನಡದಲ್ಲಿಲ್ಲ. ಆದರೂ ಅವಕ್ಕೆ ಹತ್ತಿದ ವಿಭಕ್ತಿಗಳು ಸರಿಯಾದ ಜಾಗದಲ್ಲಿವೆ, ಕ್ರಿಯಾಪದಗಳು ಕಾಲ ತಪ್ಪಿಲ್ಲ, ‘ಅಲ್ವಾ’ ಎಂಬ ಆಪ್ತ ಪ್ರಶ್ನೆಯೂ ಉಳಿದಿದೆ. ಮಾತಿನ ಮೈಕಟ್ಟು ಇದೆ, ಒಳಗಿನ ಹೂರಣ ಜಾರಿಹೋಗಿದೆ.

ಕೇಳಿದ್ದು ಅರ್ಥವಾಗದಿರುವುದು, ಹೇಳಿದ್ದನ್ನು ತಿರುಗಿ ಹೇಳಲಾಗದಿರುವುದು, ಓದು ಬರಹ ಕೆಡುವುದು ಇದರ ಇತರ ಲಕ್ಷಣಗಳು. ಬರಹವೂ ಮಾತಿನಂತೆಯೇ ಧಾರಾಳವಾಗಿ, ಅರ್ಥವಿಲ್ಲದೆ ಸಾಗಬಹುದು. ಆರಂಭದ ದಿನಗಳಲ್ಲಿ ರೋಗಿಗೆ ತನ್ನ ದೋಷದ ಅರಿವೇ ಇರದಿರುವುದುಂಟು. ತಾನು ಸ್ಪಷ್ಟವಾಗಿ ಹೇಳುತ್ತಿದ್ದರೂ ಸುತ್ತಲಿನವರು ಬೇಕೆಂದೇ ಕೇಳಿಸಿಕೊಳ್ಳುತ್ತಿಲ್ಲ ಎಂದು ಕೆಲವರು ಸಿಟ್ಟಾಗುತ್ತಾರೆ, ಅನುಮಾನ ಪಡುತ್ತಾರೆ.

ಈ ಕಾಯಿಲೆಯ ದೊಡ್ಡ ಅಪಾಯ ಇರುವುದು ತಪ್ಪು ಗುರುತಿಸುವಿಕೆಯಲ್ಲಿ. ಲಕ್ವ ಹೊಡೆದರೆ ಬಾಯಿ ಸೊಟ್ಟಗಾಗುತ್ತದೆ, ಕೈಕಾಲು ಬಿದ್ದುಹೋಗುತ್ತದೆ, ಮಾತು ನಿಂತುಹೋಗುತ್ತದೆ ಎಂಬುದು ಜನರ ಸಾಮಾನ್ಯ ತಿಳಿವಳಿಕೆ. ವರ್ನಿಕೆ ಅಫೇಸಿಯಾದಲ್ಲಿ ಹಾನಿ ಚಲನೆಯ ಕೇಂದ್ರಗಳಿಂದ ದೂರವಿರುವುದರಿಂದ ಕೈಕಾಲು ಎಷ್ಟೋ ವೇಳೆ ಚೆನ್ನಾಗಿಯೇ ಇರುತ್ತವೆ. ರೋಗಿ ನಡೆದಾಡುತ್ತಾರೆ, ಮಾತಂತೂ ಎಂದಿಗಿಂತ ಹೆಚ್ಚು. ಮನೆಯವರಿಗೆ ತಲೆ ಕೆಟ್ಟಿತು ಅಥವಾ ಗಾಳಿ ಸೋಕಿತು ಅನ್ನಿಸಿ, ಆಸ್ಪತ್ರೆಯ ಬದಲು ಬೇರೆಡೆಗೆ ಕರೆದೊಯ್ಯುವ ಸಂಭವವಿದೆ. ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ಲಕ್ಷಣ ಶುರುವಾದ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಆದ್ದರಿಂದ ನಡುವಯಸ್ಸು ದಾಟಿದವರು, ಅದರಲ್ಲೂ ರಕ್ತದೊತ್ತಡ, ಮಧುಮೇಹ ಅಥವಾ ಹೃದಯದ ಲಯದೋಷ ಇರುವವರು, ಇದ್ದಕ್ಕಿದ್ದಂತೆ ಅರ್ಥವಿಲ್ಲದ ಮಾತನ್ನು ನಿಲ್ಲಿಸದೆ ಆಡತೊಡಗಿದರೆ ಅದನ್ನು ಪಾರ್ಶ್ವವಾಯು ಎಂದೇ ಭಾವಿಸಿ, 108ಕ್ಕೆ ಕರೆ ಮಾಡಿ, ಸಿ.ಟಿ. ಸ್ಕ್ಯಾನ್ ಇರುವ ಆಸ್ಪತ್ರೆಗೆ ಕೂಡಲೇ ಒಯ್ಯಬೇಕು. ಲಕ್ಷಣ ಶುರುವಾದ ಗಳಿಗೆಯನ್ನು ಗುರುತಿಟ್ಟುಕೊಂಡು ವೈದ್ಯರಿಗೆ ತಿಳಿಸಬೇಕು.

ಉನ್ಮಾದದ ಮಾತು

ಬೈಪೋಲಾರ್ ಕಾಯಿಲೆಯ ಉನ್ಮಾದದ ಹಂತದಲ್ಲಿ ಭಾಷೆ ಕೆಟ್ಟಿರುವುದಿಲ್ಲ. ಪದಗಳು ಸರಿಯಾಗಿವೆ, ಗ್ರಹಿಕೆಯೂ ಇದೆ. ಕೆಟ್ಟಿರುವುದು ವೇಗ ಮತ್ತು ಹತೋಟಿ. ಒಂದು ಯೋಚನೆ ಮುಗಿಯುವ ಮೊದಲೇ ಇನ್ನೊಂದು ನುಗ್ಗುತ್ತದೆ, ಅದನ್ನು ಆಡಿ ಮುಗಿಸುವಷ್ಟರಲ್ಲಿ ಮತ್ತೊಂದು. ದನಿ ಜೋರು, ನಿಲುಗಡೆ ಕಡಿಮೆ, ಕೇಳುವವರಿಲ್ಲದಿದ್ದರೂ ಮಾತು ಸಾಗುತ್ತದೆ. ಯೋಚನೆಗಳ ನಡುವಿನ ಕೊಂಡಿ ಎಳೆಯಷ್ಟು ತೆಳುವಾದರೂ ಹುಡುಕಿದರೆ ಸಿಗುತ್ತದೆ. ಕೆಲವೊಮ್ಮೆ ಆ ಕೊಂಡಿ ಅರ್ಥದ್ದಾಗಿರದೆ ಧ್ವನಿಯದ್ದಾಗಿರುತ್ತದೆ. ಹಾಲಿನ ಮಾತು ಕಾಲಿಗೆ, ಕಾಲಿನದು ಸಾಲಿಗೆ, ಅಲ್ಲಿಂದ ಬ್ಯಾಂಕಿನ ಸಾಲಕ್ಕೆ ಹಾರುವುದು ಇಂಥದ್ದು.

ಮಾನಸಿಕ ಕಾಯಿಲೆಗಳನ್ನು ಗುರುತಿಸಲು ಬಳಸುವ 2013ರ ಡಿಎಸ್‌ಎಂ-5 ಕೈಪಿಡಿಯ ಪ್ರಕಾರ ಉನ್ಮಾದ ಎನ್ನಲು ಅತಿಯಾದ ಉತ್ಸಾಹ ಅಥವಾ ಸಿಡುಕಿನ ಮನಃಸ್ಥಿತಿಯ ಜೊತೆಗೆ ಚಟುವಟಿಕೆಯೂ ಏರಿ, ಅದು ಕನಿಷ್ಠ ಒಂದು ವಾರ ಇರಬೇಕು. ಆಸ್ಪತ್ರೆಗೆ ಸೇರಿಸಬೇಕಾಗಿ ಬಂದರೆ ಈ ಅವಧಿಯ ಷರತ್ತಿಲ್ಲ. ಇದರೊಂದಿಗೆ ಏಳು ಲಕ್ಷಣಗಳಲ್ಲಿ ಮೂರಾದರೂ ಇರಬೇಕು, ಬರಿಯ ಸಿಡುಕಿದ್ದರೆ ನಾಲ್ಕು. ಎಂದಿಗಿಂತ ಹೆಚ್ಚು ಮಾತು ಅಥವಾ ಮಾತಾಡುತ್ತಲೇ ಇರಬೇಕೆಂಬ ಒತ್ತಡ ಆ ಏಳರಲ್ಲಿ ಒಂದು. ತನ್ನ ಬಗ್ಗೆ ಅತಿ ದೊಡ್ಡ ಭಾವನೆ, ನಿದ್ರೆಯ ಅಗತ್ಯವೇ ಇಲ್ಲವೆನ್ನಿಸುವುದು, ಯೋಚನೆಗಳ ಓಟ, ಚಂಚಲತೆ, ಕೆಲಸದ ಹುರುಪು ಅತಿಯಾಗುವುದು, ಹಿಂದುಮುಂದು ನೋಡದ ಖರ್ಚು ಮತ್ತು ಸಾಹಸಗಳು ಉಳಿದವು. ಹೆಚ್ಚು ಮಾತಾಡುವ ವ್ಯಕ್ತಿ ಎರಡು ಮೂರು ಗಂಟೆ ಮಾತ್ರ ನಿದ್ರಿಸಿ ಸ್ವಲ್ಪವೂ ಆಯಾಸವಿಲ್ಲದೆ ಎದ್ದರೆ, ಸಿಕ್ಕವರಿಗೆಲ್ಲ ಹಣ ಹಂಚತೊಡಗಿದರೆ, ಆ ಸಂಯೋಜನೆ ಉನ್ಮಾದವನ್ನು ಬಲವಾಗಿ ಸೂಚಿಸುತ್ತದೆ.

ಈ ಹಂತದಲ್ಲಿ ರೋಗಿಗೆ ಹಿತವೆನ್ನಿಸುವುದರಿಂದ ಅವರಾಗಿ ಚಿಕಿತ್ಸೆ ಕೇಳುವುದು ಅಪರೂಪ. ಬೆಂಗಳೂರಿನ ಮಾನಸಿಕ ಆರೋಗ್ಯ ಸಂಸ್ಥೆಯಾದ ನಿಮ್ಹಾನ್ಸ್ 12 ರಾಜ್ಯಗಳಲ್ಲಿ ನಡೆಸಿದ 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ, ಬೈಪೋಲಾರ್ ಕಾಯಿಲೆ ಇರುವವರಲ್ಲಿ ಸುಮಾರು 70% ಮಂದಿ ಚಿಕಿತ್ಸೆಯಿಂದ ಹೊರಗೇ ಇದ್ದುದನ್ನು ತೋರಿಸಿತು.

ಇತರ ಕಾರಣಗಳು

ಸ್ಕಿಜೋಫ್ರೀನಿಯಾ: ಕೆಲವು ರೋಗಿಗಳಲ್ಲಿ ವಾಕ್ಯಗಳ ನಡುವಿನ ಕೊಂಡಿಯೇ ಕಳಚಿ ಮಾತು ಹಳಿ ತಪ್ಪುತ್ತದೆ. ತೀವ್ರವಾದಾಗ ಪದಗಳು ಒಂದಕ್ಕೊಂದು ಸಂಬಂಧವಿಲ್ಲದೆ ಉದುರುತ್ತವೆ. ಇದನ್ನು ಜಾರ್ಗನ್ ಅಫೇಸಿಯಾದಿಂದ ಬೇರ್ಪಡಿಸುವುದು ಕಷ್ಟವಾಗಬಹುದು. ವಸ್ತುವಿನ ಹೆಸರು ಹೇಳುವುದು, ಸರಳ ಆದೇಶ ಪಾಲಿಸುವುದು ಸ್ಕಿಜೋಫ್ರೀನಿಯಾದಲ್ಲಿ ಹೆಚ್ಚಾಗಿ ಉಳಿದಿರುತ್ತವೆ, ಅಫೇಸಿಯಾದಲ್ಲಿ ಕೆಟ್ಟಿರುತ್ತವೆ.

ಎಡಿಎಚ್‌ಡಿ: ಅತಿಯಾಗಿ ಮಾತಾಡುವುದು, ಪ್ರಶ್ನೆ ಮುಗಿಯುವ ಮುಂಚೆಯೇ ಉತ್ತರ ಹೇಳಿಬಿಡುವುದು, ಸರದಿಗಾಗಿ ಕಾಯಲಾಗದಿರುವುದು ಈ ಸ್ಥಿತಿಯ ಅಧಿಕೃತ ಲಕ್ಷಣಗಳ ಪಟ್ಟಿಯಲ್ಲೇ ಇವೆ. ಉನ್ಮಾದದಂತೆ ಇದು ಅವಧಿಗಳಲ್ಲಿ ಬಂದುಹೋಗುವುದಿಲ್ಲ; ಬಾಲ್ಯದಿಂದಲೇ ಇರುತ್ತದೆ. ತರಗತಿಯಲ್ಲಿ ಬೈಗುಳ ತಿನ್ನುವ ಎಷ್ಟೋ ಮಕ್ಕಳಿಗೆ ಬೇಕಾಗಿರುವುದು ಶಿಕ್ಷೆಯಲ್ಲ, ತಪಾಸಣೆ.

ಹುಟ್ಟಿನಿಂದ ಬರುವ ಸ್ಥಿತಿಗಳು: ಮಿದುಳಿನಲ್ಲಿ ನೀರು ತುಂಬುವ ಹೈಡ್ರೊಸೆಫಲಸ್ ಇರುವ ಕೆಲವು ಮಕ್ಕಳು ಸರಾಗವಾಗಿ, ದೊಡ್ಡವರ ಧಾಟಿಯಲ್ಲಿ ಮಾತಾಡುತ್ತಾರೆ, ಆದರೆ ಮಾತಿನಲ್ಲಿ ತಿರುಳು ಕಡಿಮೆ. ಬೆನ್ನುಹುರಿಯ ಜನ್ಮದೋಷವಾದ ಸ್ಪೈನಾ ಬೈಫಿಡಾ ಜೊತೆಗೆ ಇದು ಹೆಚ್ಚಾಗಿ ವರದಿಯಾಗಿದೆ. ನ್ಯೂಜಿಲೆಂಡಿನ ಹೃದಯವೈದ್ಯ ಜೆ. ಸಿ. ಪಿ. ವಿಲಿಯಮ್ಸ್ 1961ರಲ್ಲಿ ವರ್ಣಿಸಿದ ವಿಲಿಯಮ್ಸ್ ಸಿಂಡ್ರೋಮ್‌ನಲ್ಲಿ ಏಳನೆಯ ಕ್ರೋಮೋಸೋಮಿನ ಚಿಕ್ಕ ತುಣುಕೊಂದು ಕಾಣೆಯಾಗಿರುತ್ತದೆ. ಈ ಮಕ್ಕಳು ಅಪರಿಚಿತರೊಡನೆಯೂ ಅಪಾರ ಪ್ರೀತಿಯಿಂದ ಮಾತಿಗಿಳಿಯುತ್ತಾರೆ. ಆಟಿಸಂ ಇರುವ ಕೆಲವರು ತಮ್ಮ ಆಸಕ್ತಿಯ ವಿಷಯವೊಂದರ ಮೇಲೆ ಕೇಳುವವರ ಕಡೆ ಗಮನವಿಲ್ಲದೆ ದೀರ್ಘವಾಗಿ ಮಾತಾಡಬಹುದು.

ಮಿದುಳಿನ ಬಲಭಾಗದ ಹಾನಿ: ಇಲ್ಲಿ ಪದ, ವ್ಯಾಕರಣ ಸರಿಯಿದ್ದರೂ ಮಾತಿನ ತಿರುಳು ಯಾವುದು, ವಿವರ ಯಾವುದು ಎಂಬ ವಿವೇಚನೆ ಕುಂದುತ್ತದೆ. ಕೇಳಿದ್ದಕ್ಕೆ ಉತ್ತರ ಬರುವ ಮೊದಲು ಹತ್ತು ಉಪಕತೆಗಳು ಬರುತ್ತವೆ. ಹಾಸ್ಯ, ವ್ಯಂಗ್ಯ, ಎದುರಿನವರ ಭಾವ ಗ್ರಹಿಸುವುದೂ ಕಷ್ಟವಾಗುತ್ತದೆ.

ಮರೆವಿನ ಕಾಯಿಲೆಗಳು ಮತ್ತು ಅಪಸ್ಮಾರ: ಮುಂದಿನ ಹಾಲೆಯನ್ನು ಸವೆಸುವ ಫ್ರಂಟೊಟೆಂಪೊರಲ್ ಡಿಮೆನ್ಷಿಯಾದಲ್ಲಿ ಸಂಕೋಚ ಹೋಗಿ, ಯಾರ ಮುಂದೆ ಏನು ಆಡಬಾರದೋ ಅದನ್ನೆಲ್ಲ ಆಡುವ ಹಂತ ಬರಬಹುದು. ಮುಂದೆ ಅದೇ ವ್ಯಕ್ತಿ ಪೂರ್ತಿ ಮೌನಿಯಾಗುವುದೂ ಉಂಟು. ಟೆಂಪೊರಲ್ ಹಾಲೆಯ ಅಪಸ್ಮಾರ ಇರುವ ಕೆಲವರಲ್ಲಿ ಸುತ್ತಿಬಳಸಿ ಮುಗಿಯದ ಮಾತು ಮತ್ತು ಪುಟಗಟ್ಟಲೆ ಬರೆಯುವ ಒತ್ತಾಯ ಕಾಣುವುದನ್ನು ಗೆಶ್ವಿಂಡ್ ಗುರುತಿಸಿದ್ದ.

ಔಷಧ, ಮಾದಕವಸ್ತು, ದೇಹದ ಇತರ ತೊಂದರೆಗಳು: ಆಂಫೆಟಮಿನ್, ಕೊಕೇನ್, ಮದ್ಯ, ಹೆಚ್ಚಿನ ಪ್ರಮಾಣದ ಸ್ಟೀರಾಯ್ಡ್ ಔಷಧಗಳು, ಥೈರಾಯ್ಡ್ ಅತಿಚಟುವಟಿಕೆ ಇವೆಲ್ಲ ಮಾತನ್ನು ಹೆಚ್ಚಿಸಬಲ್ಲವು. ಖಿನ್ನತೆಗೆ ಕೊಡುವ ಔಷಧ ಬೈಪೋಲಾರ್ ಒಲವುಳ್ಳವರನ್ನು ಉನ್ಮಾದದ ಕಡೆಗೆ ತಳ್ಳುವುದೂ ಇದೆ. ವಯಸ್ಸಾದವರಲ್ಲಿ ಜ್ವರ, ಮೂತ್ರನಾಳದ ಸೋಂಕು, ಸೋಡಿಯಂ ಏರುಪೇರುಗಳಿಂದ ಬರುವ ಸನ್ನಿಯಲ್ಲೂ ಬಡಬಡಿಕೆ ಸಾಮಾನ್ಯ.

ಹೋಲುವ ಬೇರೆ ಸ್ಥಿತಿಗಳು

ಕ್ಲಟರಿಂಗ್ ಎಂಬ ದೋಷದಲ್ಲಿ ಮಾತು ಅತಿವೇಗವಾಗಿ, ಅಕ್ಷರ ನುಂಗಿಕೊಂಡು ಬರುತ್ತದೆ. ಅದರ ಪ್ರಮಾಣ ಹೆಚ್ಚಿರಲೇಬೇಕೆಂದಿಲ್ಲ. ಇತರರ ಮಾತನ್ನು ಪ್ರತಿಧ್ವನಿಯಂತೆ ಹೇಳುವುದು, ತನ್ನದೇ ಕೊನೆಯ ಪದಗಳನ್ನು ಮತ್ತೆ ಮತ್ತೆ ಹೇಳುವುದು, ಟುರೆಟ್ ಸಿಂಡ್ರೋಮ್‌ನಲ್ಲಿ ತಡೆಯಲಾಗದೆ ಚಿಮ್ಮುವ ಶಬ್ದಗಳು ಕೂಡ ಬೇರೆ ಬಗೆಯವು. ಆತಂಕದಲ್ಲಿರುವವರು ಹೆಚ್ಚು ಮಾತಾಡುವುದುಂಟು, ಆದರೆ ಧೈರ್ಯ ಹೇಳಿದರೆ ತಣಿಯುತ್ತಾರೆ. ಒಂಟಿಯಾಗಿರುವ ಹಿರಿಯರು ಬಂದವರ ಮುಂದೆ ಮನಸ್ಸು ತೆರೆದು ಬಹಳ ಹೊತ್ತು ಮಾತಾಡಿದರೆ ಅದು ಕಾಯಿಲೆಯಲ್ಲ, ಜೊತೆಯ ಹಂಬಲ. ಅದನ್ನು ರೋಗವೆಂದು ಕರೆಯುವುದು ಅನ್ಯಾಯ.

ಪರೀಕ್ಷೆ

ವಿಚಾರಣೆ ಮನೆಯವರಿಂದ ಶುರುವಾಗುತ್ತದೆ. ಯಾವಾಗಿನಿಂದ, ಒಮ್ಮೆಲೇ ಬಂತೇ ನಿಧಾನವಾಗಿಯೇ, ನಿದ್ರೆ ಹೇಗಿದೆ, ಹೊಸ ಮಾತ್ರೆ ಶುರುವಾಗಿದೆಯೇ, ಮೊದಲು ಹೀಗಿದ್ದರೇ ಎಂಬ ಪ್ರಶ್ನೆಗಳ ಉತ್ತರ ಅರ್ಧ ರೋಗನಿರ್ಣಯ ಮಾಡಿಕೊಡುತ್ತದೆ. ಗಂಟೆಗಳಲ್ಲಿ ಬಂದದ್ದು ಪಾರ್ಶ್ವವಾಯು ಅಥವಾ ಸನ್ನಿಯ ಕಡೆಗೆ, ದಿನ ವಾರಗಳಲ್ಲಿ ಬೆಳೆದದ್ದು ಉನ್ಮಾದದ ಕಡೆಗೆ, ತಿಂಗಳು ವರ್ಷಗಳಲ್ಲಿ ಮೂಡಿದ್ದು ಮರೆವಿನ ಕಾಯಿಲೆಯ ಕಡೆಗೆ, ಬಾಲ್ಯದಿಂದ ಇರುವುದು ಬೆಳವಣಿಗೆಯ ಸ್ಥಿತಿಗಳ ಕಡೆಗೆ ಬೊಟ್ಟು ಮಾಡುತ್ತದೆ.

ಹಾಸಿಗೆಯ ಬಳಿಯೇ ಮಾಡಬಹುದಾದ ಸರಳ ಪರೀಕ್ಷೆ ಬಹಳ ಉಪಯುಕ್ತ. ಕಣ್ಣು ಮುಚ್ಚಿ ಎನ್ನುವುದು, ಪೆನ್ನು ತೋರಿಸಿ ಹೆಸರು ಕೇಳುವುದು, ಒಂದು ವಾಕ್ಯ ತಿರುಗಿ ಹೇಳಿಸುವುದು. ಸನ್ನೆ ಮಾಡದೆ ಹೇಳಬೇಕು, ಇಲ್ಲದಿದ್ದರೆ ರೋಗಿ ಸನ್ನೆ ನೋಡಿ ಪಾಲಿಸಿ ಗ್ರಹಿಕೆ ಸರಿಯಿದೆ ಎಂಬ ಭ್ರಮೆ ಹುಟ್ಟಬಹುದು. ವಿವರವಾದ ಪರೀಕ್ಷೆಗೆ ಆಂಡ್ರೂ ಕರ್ಟೆಸ್ ರೂಪಿಸಿದ ವೆಸ್ಟರ್ನ್ ಅಫೇಸಿಯಾ ಬ್ಯಾಟರಿಯ ಕನ್ನಡ ರೂಪ ಬಳಕೆಯಲ್ಲಿದೆ. ಉನ್ಮಾದದ ತೀವ್ರತೆ ಅಳೆಯಲು 1978ರ ಯಂಗ್ ಮಾಪಕದಲ್ಲಿ ಹನ್ನೊಂದು ಅಂಶಗಳಿದ್ದು, ಮಾತಿನ ವೇಗ ಮತ್ತು ಪ್ರಮಾಣಕ್ಕೆ ಹೆಚ್ಚಿನ ತೂಕ ಕೊಡಲಾಗಿದೆ.

ಕರ್ನಾಟಕದಲ್ಲಿ ಮನೆಯಲ್ಲಿ ತುಳು, ಕೊಂಕಣಿ, ಉರ್ದು ಅಥವಾ ತೆಲುಗು, ಬೀದಿಯಲ್ಲಿ ಕನ್ನಡ, ಕಚೇರಿಯಲ್ಲಿ ಇಂಗ್ಲಿಷ್ ಆಡುವವರು ಬಹಳ. ಅಫೇಸಿಯಾ ಒಬ್ಬರ ಎಲ್ಲ ಭಾಷೆಗಳನ್ನೂ ಒಂದೇ ಪ್ರಮಾಣದಲ್ಲಿ ಕೆಡಿಸಬೇಕೆಂದಿಲ್ಲ, ಎಲ್ಲವೂ ಒಟ್ಟಿಗೆ ಚೇತರಿಸಿಕೊಳ್ಳುವುದೂ ಇಲ್ಲ. ಆದ್ದರಿಂದ ವೈದ್ಯರಿಗೆ ತಿಳಿದ ಭಾಷೆಯಲ್ಲಿ ಮಾತ್ರ ಪರೀಕ್ಷಿಸಿ ತೀರ್ಮಾನಕ್ಕೆ ಬರುವುದು ಸಲ್ಲದು.

ಚಿಕಿತ್ಸೆ

ಚಿಕಿತ್ಸೆ ಮೂಲಕಾರಣಕ್ಕೆ. ಪಾರ್ಶ್ವವಾಯುವಾದರೆ ತುರ್ತು ಚಿಕಿತ್ಸೆಯ ನಂತರ ವಾಕ್ ಚಿಕಿತ್ಸೆ ಬೇಗ ಆರಂಭವಾಗಬೇಕು. ವರ್ನಿಕೆ ಅಫೇಸಿಯಾದಲ್ಲಿ ಮೊದಲ ಗುರಿ ಹೆಚ್ಚು ಮಾತಾಡಿಸುವುದಲ್ಲ; ನಿಲ್ಲಿಸಿ ಕೇಳುವುದನ್ನು ಕಲಿಸುವುದು. ಕೈ ಎತ್ತಿದಾಗ ನಿಲ್ಲಬೇಕೆಂಬ ಒಪ್ಪಂದ, ಚಿತ್ರ ಮತ್ತು ಪದ ಹೊಂದಿಸುವುದು, ಧ್ವನಿಗಳ ವ್ಯತ್ಯಾಸ ಗುರುತಿಸುವುದು, ರೋಗಿಯ ಮಾತನ್ನು ಧ್ವನಿಮುದ್ರಿಸಿ ಅವರಿಗೇ ಕೇಳಿಸುವುದು ಇದರ ಕ್ರಮಗಳು. ತಪ್ಪಿನ ಅರಿವು ಮೂಡತೊಡಗಿದಾಗ ಮಾತು ಕಡಿಮೆಯಾಗಿ ತಡವರಿಕೆ ಹೆಚ್ಚುತ್ತದೆ. ಮನೆಯವರಿಗೆ ಇದು ಹದಗೆಟ್ಟಂತೆ ಕಂಡರೂ ಚೇತರಿಕೆಯ ಗುರುತಾಗಿರಬಹುದು. ಈ ಅರಿವಿನೊಂದಿಗೆ ದುಃಖವೂ ಬರುವುದರಿಂದ ಆ ಹಂತದಲ್ಲಿ ಮನಸ್ಸಿನ ಆಸರೆ ಹೆಚ್ಚು ಬೇಕು.

ಉನ್ಮಾದಕ್ಕೆ ಲಿಥಿಯಂ, ವಾಲ್‌ಪ್ರೊಯೇಟ್ ಮತ್ತು ಆಂಟಿಸೈಕೋಟಿಕ್ ಔಷಧಗಳಿವೆ. ಉನ್ಮಾದದ ಮೇಲೆ ಲಿಥಿಯಂನ ಪರಿಣಾಮವನ್ನು ಆಸ್ಟ್ರೇಲಿಯಾದ ಜಾನ್ ಕೇಡ್ 1949ರಲ್ಲಿ ಪ್ರಕಟಿಸಿದ. ಲಿಥಿಯಂ ತೆಗೆದುಕೊಳ್ಳುವವರು ರಕ್ತದಲ್ಲಿ ಅದರ ಮಟ್ಟ, ಮೂತ್ರಪಿಂಡ ಮತ್ತು ಥೈರಾಯ್ಡ್ ಪರೀಕ್ಷೆಗಳನ್ನು ತಪ್ಪಿಸಬಾರದು. ಗರ್ಭಿಣಿಯ ಶಿಶುವಿಗೆ ಅಪಾಯವಿರುವುದರಿಂದ ಮಕ್ಕಳಾಗುವ ವಯಸ್ಸಿನ ಹೆಣ್ಣುಮಕ್ಕಳಿಗೆ ವಾಲ್‌ಪ್ರೊಯೇಟ್ ಕೊಡದಿರುವುದು ಲೇಸು. ಎಡಿಎಚ್‌ಡಿಗೆ ಮೀಥೈಲ್‌ಫೆನಿಡೇಟ್, ಅಟೊಮೊಕ್ಸೆಟಿನ್ ಮತ್ತು ನಡವಳಿಕೆಯ ತರಬೇತಿ, ಥೈರಾಯ್ಡ್ ಮತ್ತು ಸೋಂಕುಗಳಿಗೆ ಅವುಗಳದೇ ಚಿಕಿತ್ಸೆ. ಆಟಿಸಂ, ವಿಲಿಯಮ್ಸ್ ಸಿಂಡ್ರೋಮ್ ಮೊದಲಾದ ಸ್ಥಿತಿಗಳಲ್ಲಿ ಸರದಿಯಂತೆ ಮಾತಾಡುವ, ಎದುರಿನವರ ಮುಖ ಓದುವ ಕೌಶಲಗಳನ್ನು ಆಟದ ಮೂಲಕ ಕಲಿಸುತ್ತಾರೆ.

ಮನೆಯವರು ಮಾಡಬಹುದಾದದ್ದು

ಅಫೇಸಿಯಾ ಇರುವವರೊಡನೆ ಟಿವಿ ಆರಿಸಿ, ಎದುರು ಕೂತು, ಚಿಕ್ಕ ವಾಕ್ಯಗಳಲ್ಲಿ, ಒಂದು ಬಾರಿಗೆ ಒಂದೇ ವಿಷಯ ಮಾತಾಡಬೇಕು. ಸನ್ನೆ, ಚಿತ್ರ, ವಸ್ತುವನ್ನೇ ಕೈಗೆ ಕೊಡುವುದು ನೆರವಾಗುತ್ತವೆ. ಅವರಿಗೆ ಕಿವಿ ಕೇಳುತ್ತದೆ, ಆದ್ದರಿಂದ ಕೂಗುವುದರಿಂದ ಪ್ರಯೋಜನವಿಲ್ಲ. ಅರ್ಥವಾಗದಿದ್ದರೂ ಅರ್ಥವಾದಂತೆ ತಲೆಯಾಡಿಸುವುದು, ತಪ್ಪು ಪದಗಳಿಗೆ ನಗುವುದು, ಅವರೆದುರೇ ಅವರ ಬಗ್ಗೆ ಇತರರೊಡನೆ ಮಾತಾಡುವುದು ನೋವುಂಟುಮಾಡುತ್ತದೆ. ಪದ ತಿಳಿಯದಿದ್ದರೂ ದನಿಯ ಭಾವವನ್ನು ಅವರು ಬಹಳ ಬಾರಿ ಗ್ರಹಿಸುತ್ತಾರೆ.

ಉನ್ಮಾದದಲ್ಲಿರುವವರೊಡನೆ ವಾದಕ್ಕಿಳಿಯದೆ, ಸದ್ದುಗದ್ದಲ ತಗ್ಗಿಸಿ, ನಿದ್ರೆಗೆ ಅನುವು ಮಾಡಿ, ಹಣಕಾಸಿನ ದೊಡ್ಡ ತೀರ್ಮಾನಗಳನ್ನು ಮುಂದೂಡುವಂತೆ ನೋಡಿಕೊಳ್ಳಬೇಕು. ಸದಾ ಮಾತಿನ ಪ್ರವಾಹದ ನಡುವೆ ಇರುವ ಆರೈಕೆದಾರರು ಬೇಗ ಬಳಲುತ್ತಾರೆ. ಅವರಿಗೆ ದಿನದಲ್ಲಿ ಕೆಲಹೊತ್ತು ಬಿಡುವು ಸಿಗುವಂತೆ ಕುಟುಂಬ ಹೊಣೆ ಹಂಚಿಕೊಳ್ಳಬೇಕು.

ಸೇವೆಗಳು ಮತ್ತು ಹಕ್ಕುಗಳು

ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ 1965ರಲ್ಲಿ ಸ್ಥಾಪನೆಯಾಗಿ, ವಾಕ್ ಚಿಕಿತ್ಸಕರ ತರಬೇತಿ, ಸಂಶೋಧನೆ ಮತ್ತು ಚಿಕಿತ್ಸೆಗಳನ್ನು ಒಂದೇ ಆವರಣದಲ್ಲಿ ನಡೆಸುತ್ತಿದೆ. ಕನ್ನಡದಲ್ಲಿ ಭಾಷಾಪರೀಕ್ಷೆಗಳನ್ನು ರೂಪಿಸುವುದರಲ್ಲಿ ಅದರ ಪಾತ್ರ ಹಿರಿದು. ಬೆಂಗಳೂರಿನ ನಿಮ್ಹಾನ್ಸ್ 1974ರಿಂದ ಈ ಹೆಸರಿನಲ್ಲಿ ನರವೈದ್ಯ ಮತ್ತು ಮನೋವೈದ್ಯ ಎರಡನ್ನೂ ಒಂದೇ ಕಡೆ ಒದಗಿಸುತ್ತಿದೆ. ಎರಡೂ ಕಡೆಯಿಂದ ಬರಬಹುದಾದ ಇಂಥ ಲಕ್ಷಣಕ್ಕೆ ಆ ಜೋಡಿ ವಿಶೇಷವಾಗಿ ಉಪಯುಕ್ತ. 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416ರಲ್ಲಿ ಕನ್ನಡದಲ್ಲೂ ಸಲಹೆ ಸಿಗುತ್ತದೆ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಗುರುತಿಸಿದ 21 ಬಗೆಯ ವೈಕಲ್ಯಗಳಲ್ಲಿ ವಾಕ್ ಮತ್ತು ಭಾಷಾ ವೈಕಲ್ಯವೂ ಇದ್ದು, ಅಫೇಸಿಯಾದಿಂದ ಬಂದ ಶಾಶ್ವತ ದೋಷ ಅದರಡಿ ಬರುತ್ತದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಚಿಕಿತ್ಸೆ ಪಡೆಯುವುದನ್ನು ಹಕ್ಕಾಗಿಸಿದೆ. ಮುಂದೆ ಕಾಯಿಲೆ ಮರುಕಳಿಸಿದರೆ ತನ್ನನ್ನು ಹೇಗೆ ನೋಡಿಕೊಳ್ಳಬೇಕೆಂದು ವ್ಯಕ್ತಿ ಚೆನ್ನಾಗಿರುವಾಗಲೇ ಬರೆದಿಡಲು ಅವಕಾಶ ಕೊಟ್ಟಿದೆ. ಉನ್ಮಾದ ಬಂದುಹೋಗುವವರಿಗೆ ಇದರಿಂದ ದೊಡ್ಡ ಅನುಕೂಲವಿದೆ. ಈ ಸೌಲಭ್ಯಗಳೆಲ್ಲ ನೆರವಿಗೆ ಬರುವುದು ಮಾತು ಬದಲಾದುದನ್ನು ಮನೆಯಲ್ಲಿ ಯಾರಾದರೂ ಗಮನಿಸಿ, ದೂರದೆ, ನಾಚಿಕೆಪಡದೆ ವೈದ್ಯರ ಬಳಿಗೆ ಕರೆತಂದಾಗ ಮಾತ್ರ.